ಟಿ ಎಂಬ ಅಕ್ಷರಕ್ಕೆ ಎಲ್ಲೆ

ಪ್ರಶ್ನೆ: ತೋಟದ ಕಾಫಿ ಮೂಟೆಗಳ ಲೆಕ್ಕಕ್ಕಾಗಿ ಜಾವಾದಲ್ಲಿ ‘ರಾಶಿ<ಟಿ>’ ಎಂಬ ಜೆನೆರಿಕ್ ಕ್ಲಾಸ್ (ಒಳಗಿಡುವ ವಸ್ತುವಿನ ಟೈಪ್ ಯಾವುದೆಂದು ಬಳಸುವಾಗ ಹೇಳಲು ಬಿಟ್ಟು, ಸದ್ಯಕ್ಕೆ ಟಿ ಎಂದು ಕರೆದಿರುವ ಕ್ಲಾಸ್) ಬರೆದಿದ್ದೇನೆ. ಒಟ್ಟು ತೂಕ ಕೂಡಿಸಲು ಅದರೊಳಗೆ ‘ಮೂಟೆ.ತೂಕ()’ ಎಂದರೆ ಅಂಥ ಮೆಥಡ್ ಇಲ್ಲವೆಂದು ಕಂಪೈಲರ್ ತಕರಾರು ತೆಗೆಯುತ್ತದೆ. ನಾನು ಅದರಲ್ಲಿಡುವುದು ಪಾರ್ಚ್‌ಮೆಂಟ್ ಮತ್ತು ಚೆರಿ ಮೂಟೆಗಳನ್ನು ಮಾತ್ರ. ಆ ಎರಡು ಕ್ಲಾಸ್‌ಗಳಲ್ಲೂ ತೂಕ() ಇದೆಯಲ್ಲ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಇದೆ, ಆದರೆ ಅದು ತಿಳಿದಿರುವುದು ನಿಮಗೆ ಮಾತ್ರ. ಜಾವಾ ಕಂಪೈಲರ್ ಜೆನೆರಿಕ್ ಕ್ಲಾಸನ್ನು, ಮುಂದೆ ಅದನ್ನು ಯಾರು ಯಾವುದಕ್ಕೆ ಬಳಸುತ್ತಾರೆಂದು ನೋಡದೆ, ಅದರಷ್ಟಕ್ಕೆ ಒಮ್ಮೆ ಪರಿಶೀಲಿಸುತ್ತದೆ. ಎಲ್ಲೆಯಿಲ್ಲದ, ಅಂದರೆ ಇಂಥದ್ದೇ ಆಗಿರಬೇಕೆಂಬ ಷರತ್ತಿಲ್ಲದ ಟಿ ಎಂದರೆ ಅದರ ಕಣ್ಣಿಗೆ ಬರೀ ‘ಆಬ್ಜೆಕ್ಟ್’, ಜಾವಾದ ಎಲ್ಲ ಕ್ಲಾಸ್‌ಗಳ ಮೂಲ ಕ್ಲಾಸ್. ಆಬ್ಜೆಕ್ಟಿಗೆ ಟುಸ್ಟ್ರಿಂಗ್() ಇದೆ, ತೂಕ() ಇಲ್ಲ. (ಸಿ++ ಟೆಂಪ್ಲೇಟ್ ಆಗಿದ್ದರೆ ನೀವು ಬರೆದದ್ದು ಹಾಗೆಯೇ ನಡೆಯುತ್ತಿತ್ತು, ಏಕೆಂದರೆ ಅಲ್ಲಿ ಈ ಬಗೆಯ ಪರಿಶೀಲನೆ ನಡೆಯುವುದು ನಿಜವಾದ ಟೈಪ್ ಸಿಕ್ಕ ಮೇಲೆ.)

ಆದ್ದರಿಂದ ತೂಕ() ಒಂದನ್ನೇ ಘೋಷಿಸುವ ‘ತೂಗಬಲ್ಲದ್ದು’ ಎಂಬ ಇಂಟರ್‌ಫೇಸ್ (ಇಂಥ ಮೆಥಡ್ ಇರಲೇಬೇಕೆಂಬ ಕರಾರು) ಬರೆದು, ಎರಡೂ ಮೂಟೆ ಕ್ಲಾಸ್‌ಗಳು ಅದನ್ನು ಇಂಪ್ಲಿಮೆಂಟ್ ಮಾಡುವಂತೆ ಬದಲಿಸಿ, ನಿಮ್ಮ ಕ್ಲಾಸಿನ ಮೊದಲ ಸಾಲನ್ನು ಹೀಗೆ ತಿದ್ದಿರಿ:

ಕ್ಲಾಸ್ ರಾಶಿ<ಟಿ ಎಕ್ಸ್‌ಟೆಂಡ್ಸ್ ತೂಗಬಲ್ಲದ್ದು>

ತೂಗಬಲ್ಲದ್ದು ಇಂಟರ್‌ಫೇಸ್ ಆಗಿದ್ದರೂ ಇಲ್ಲಿ ಬರೆಯಬೇಕಾದದ್ದು ‘ಎಕ್ಸ್‌ಟೆಂಡ್ಸ್’ ಎಂದೇ. ‘ಇಂಪ್ಲಿಮೆಂಟ್ಸ್’ ಎಂದು ಬರೆದು ಎಡವುವವರು ಬಹಳ. ಇನ್ನು ‘ರಾಶಿ<ಸ್ಟ್ರಿಂಗ್>’ ಎಂದು ಯಾರಾದರೂ ಬರೆದರೆ ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ತಡೆಯುತ್ತದೆ. ಮೂಟೆಗಳನ್ನು ಹೋಲಿಸಿ ಕ್ರಮವಾಗಿ ಜೋಡಿಸುವ ಕೆಲಸವೂ ಇದ್ದರೆ, ತೂಗಬಲ್ಲದ್ದು ಆದ ಮೇಲೆ ‘& ಕಂಪೇರಬಲ್<ಟಿ>’ ಸೇರಿಸಬಹುದು; ಎಲ್ಲೆಗಳಲ್ಲಿ ಕ್ಲಾಸ್ ಒಂದಿದ್ದರೆ ಅದು ಮೊದಲು ಬರಬೇಕು.

ಹಾಗಾದರೆ ಟಿ ಏಕೆ, ‘ತೂಗಬಲ್ಲದ್ದು’ಗಳ ಸಾಮಾನ್ಯ ಪಟ್ಟಿಯೇ ಸಾಲದೇ ಎಂದು ನೀವು ಕೇಳಬಹುದು. ಬರೀ ಒಟ್ಟು ತೂಕ ಬೇಕಾಗಿದ್ದರೆ ಖಂಡಿತ ಸಾಕು, ನಾನಾದರೂ ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಆದರೆ ‘ರಾಶಿ<ಪಾರ್ಚ್‌ಮೆಂಟ್>’ ಒಳಗೆ ಚೆರಿ ಮೂಟೆ ಬೆರೆಯಬಾರದು, ಹೊರತೆಗೆದ ಮೂಟೆ ಕಾಸ್ಟ್ (ಇದು ಇಂಥ ಟೈಪ್ ಎಂದು ನಾವೇ ಬರೆದು ಹೇಳುವುದು) ಇಲ್ಲದೆಯೇ ಪಾರ್ಚ್‌ಮೆಂಟ್ ಆಗಿ ಕೈಗೆ ಬರಬೇಕು ಎಂದಾದರೆ ಜೆನೆರಿಕ್ ಕ್ಲಾಸೇ ಬೇಕು.

ಮುಂದೆ ‘ನ್ಯೂ ಟಿ()’ ಎಂದು ರಾಶಿಯೊಳಗೇ ಹೊಸ ಮೂಟೆ ಸೃಷ್ಟಿಸಲು ಹೊರಟರೆ ಜಾವಾ ಒಪ್ಪುವುದಿಲ್ಲ. ಕಂಪೈಲ್ ಆಗುವಾಗ ಟಿ ಅಳಿಸಿಹೋಗಿ ಅದರ ಜಾಗದಲ್ಲಿ ಮೊದಲ ಎಲ್ಲೆಯಷ್ಟೇ ಉಳಿಯುವುದರಿಂದ, ಓಡುವ ಹೊತ್ತಿಗೆ ಯಾವ ಕ್ಲಾಸಿನ ವಸ್ತು ಸೃಷ್ಟಿಸಬೇಕೆಂಬುದು ಅಲ್ಲಿ ಗೊತ್ತಿರುವುದಿಲ್ಲ. ಸಿ ಶಾರ್ಪ್‌ನಲ್ಲಿ ‘ವೇರ್ ಟಿ : ತೂಗಬಲ್ಲದ್ದು, ನ್ಯೂ()’ ಎಂದರೆ ಅದು ಸಾಧ್ಯ, ಜಾವಾದಲ್ಲಿ ಮೂಟೆ ಸೃಷ್ಟಿಸಿಕೊಡುವ ‘ಸಪ್ಲೈಯರ್<ಟಿ>’ ಒಂದನ್ನು ರಾಶಿಯ ಕನ್‌ಸ್ಟ್ರಕ್ಟರ್‌ಗೆ ಕೊಡಿ.