‘ನೋ ರಿಟರ್ನ್’ ಅಂತ ಹಾಕಿದ್ರೂ ಮಾಲು ವಾಪಸ್ ಬರ್ತಿದೆ, ಏನ್ ಮಾಡ್ಲಿ?

ಪ್ರಶ್ನೆ: ಆನ್‌ಲೈನಲ್ಲಿ ಶೂ ಮಾರ್ತೀನಿ ಸರ್. ಲಿಸ್ಟಿಂಗಲ್ಲಿ ‘ನೋ ರಿಟರ್ನ್’ ಅಂತ ಹಾಕಿದೀನಿ, ಆದ್ರೂ ಮಾಲು ವಾಪಸ್ ಬರ್ತಾನೇ ಇದೆ. ಕೆಲವನ್ನ ಹಾಕ್ಕೊಂಡು ಓಡಾಡಿರ್ತಾರೆ, ಮೊನ್ನೆ ಬಂದ ಬಾಕ್ಸಲ್ಲಂತೂ ಬೇರೆ ಯಾವ್ದೋ ಹಳೇ ಜೋಡಿ ಇತ್ತು. ರಿಟರ್ನ್ ಪೂರ್ತಿ ನಿಲ್ಸೋಕೆ ದಾರಿ ಇದ್ಯಾ?

ಉತ್ತರ: ಪೂರ್ತಿ ನಿಲ್ಸೋಕಾಗಲ್ಲ. ನೀವೇನೇ ಬರ್ಕೊಂಡ್ರೂ ಮಾರ್ಕೆಟ್‌ಪ್ಲೇಸ್, ಅಂದ್ರೆ ನೀವು ಮಾರೋ ಸೈಟ್‌ನ ಪಾಲಿಸಿನೇ ನಡೆಯೋದು. ಇಬೇ ಅನ್ನೋ ಸೈಟ್ ನೋಡಿ, ಅಲ್ಲಿ ರಿಟರ್ನ್ ತಗೊಳಲ್ಲ ಅಂತ ಸೆಟ್ ಮಾಡ್ಬಹುದು, ಆದ್ರೆ ಅದು ಬೇಡ ಅನ್ನಿಸಿ ವಾಪಸ್ ಕೊಡೋರಿಗಷ್ಟೇ, ಲಿಸ್ಟಿಂಗಲ್ಲಿ ಹೇಳಿದ ಥರ ಇಲ್ಲ ಅಂತ ಬಂದ್ರೆ ತಗೊಳ್ಳೇಬೇಕು, ವಾಪಸ್ ಶಿಪ್ಪಿಂಗ್ ಖರ್ಚೂ ಸೆಲ್ಲರ್‌ದೇ. ಯುರೋಪಿಯನ್ ಯೂನಿಯನ್ ದೇಶಗಳಿಗೆ ಮಾರೋದಾದ್ರೆ ಕಾನೂನೇ ಇದೆ, ಕೆಲವು ಐಟಂ ಬಿಟ್ರೆ ಮಿಕ್ಕಿದ್ದನ್ನ ಕೈಗೆ ಸಿಕ್ಕಿದ 14 ದಿನದೊಳಗೆ ಕಾರಣ ಹೇಳ್ದೇನೇ ಬೇಡ ಅನ್ನಬಹುದು.

ಇನ್ನೊಂದು ವಿಷ್ಯ ತುಂಬಾ ಸೆಲ್ಲರ್ಸ್ ಗಮನಿಸಲ್ಲ. ರಿಟರ್ನ್ ಬಾಗಿಲು ಮುಚ್ಚಿದ್ರೆ ಸೈಜ್ ಆಗದೇ ಇದ್ದೋರೂ ‘ಡಿಫೆಕ್ಟ್’ ಅನ್ನೋ ಕಾರಣಾನೇ ಒತ್ತುತಾರೆ, ಅದು ನಿಮ್ಮ ಅಕೌಂಟ್‌ಗೆ ಕೆಟ್ಟ ಮಾರ್ಕು. ಅದಕ್ಕಿಂತ ರಿಟರ್ನ್ ತೆರೆದಿಟ್ಟು ಕಾರಣ ನಿಜ ಬರೋ ಹಾಗೆ ಮಾಡೋದು ವಾಸಿ ಅಂತ ನನ್ನ ಅಭಿಪ್ರಾಯ. ಒಂದೇ ಮಾಡೆಲ್ ಮತ್ತೆ ಮತ್ತೆ ಸೈಜ್‌ಗೇ ವಾಪಸ್ ಬರ್ತಿದ್ರೆ ಒಳಗಿನ ಇನ್ಸೋಲ್ ಉದ್ದನ ಸೆಂಟಿಮೀಟರಲ್ಲಿ ಅಳೆದು ಹಾಕಿ, ಸ್ಕೇಲ್ ಇಟ್ಟು ಫೋಟೋ ತೆಗೀರಿ, ಬಿಗಿ ಇದೆ ಅಂದ್ರೆ ಬಿಗಿ ಇದೆ ಅಂತಲೇ ಬರೀರಿ.

ಹಾಕ್ಕೊಂಡು ವಾಪಸ್ ಕಳ್ಸಿದ್ದು ಗೊತ್ತಾಗೋಕೆ ಸೋಲ್ ನೋಡಿ, ಹಿಮ್ಮಡಿ ಅಂಚು ಸವೆದಿರುತ್ತೆ, ಬೆರಳು ಮಡಚೋ ಜಾಗದಲ್ಲಿ ಗೆರೆ ಬಿದ್ದಿರುತ್ತೆ, ಮನೇಲಿ ಎರಡು ಹೆಜ್ಜೆ ಹಾಕಿ ನೋಡಿದ್ರೆ ಸಾಮಾನ್ಯವಾಗಿ ಅಷ್ಟಾಗಲ್ಲ. ಅದನ್ನ ಹತ್ತಿರದಿಂದ ಫೋಟೋ ತೆಗೆದು ಮಾರ್ಕೆಟ್‌ಪ್ಲೇಸ್‌ಗೆ ಬೇಗ ಕ್ಲೇಮ್ ಹಾಕಿ, ಅಂದ್ರೆ ನಷ್ಟ ಕಟ್ಟಿಕೊಡಿ ಅಂತ ದೂರು ಕೊಡಿ, ಎಷ್ಟು ಕಡಿತ ಮಾಡ್ಬಹುದು ಅನ್ನೋದು ಮಾರ್ಕೆಟ್‌ಪ್ಲೇಸ್ ಮೇಲೆ ನಿಂತಿರುತ್ತೆ.

ಬದಲಾಯ್ಸಿ ಕಳ್ಸೋರಿಗೆ ವಿಡಿಯೋನೇ ಮದ್ದು. ಪ್ಯಾಕ್ ಮಾಡುವಾಗ ಶೂ ಒಳಗಿನ ಕೋಡ್ ನಂಬರ್, ಶಿಪ್ಪಿಂಗ್ ಲೇಬಲ್, ಟೇಪ್ ಹಾಕೋದು ಎಲ್ಲಾ ಒಂದೇ ಶಾಟಲ್ಲಿ, ಮಧ್ಯ ಕಟ್ ಇರ್ಬಾರ್ದು, ಆಮೇಲೆ ತೂಕ ಮಾಡಿ ಅದನ್ನೂ ತೋರ್ಸಿ. ರಿಟರ್ನ್ ಬಂದಾಗ ಟೇಪ್ ಹರಿಯೋ ಮುಂಚೆನೇ ಕ್ಯಾಮೆರಾ ಆನ್ ಆಗಿರ್ಬೇಕು, ಮೊದ್ಲು ಲೇಬಲ್ ಮತ್ತೆ ತೂಕ, ಆಮೇಲೆ ಒಳಗಿನ ಮಾಲು. ಬಂದ ದಿನವೇ ತೆಗೀರಿ, ಮೂಲೇಲಿ ರಾಶಿ ಹಾಕಿ ವಾರಾಂತ್ಯಕ್ಕೆ ಅಂತ ಇಟ್ರೆ ಕ್ಲೇಮ್ ಗಡುವು ಮುಗಿದೇಹೋಗಬಹುದು.

ನಿಮ್ಮ ಹಳೇ ಜೋಡಿ ಕೇಸಲ್ಲಿ ವಿಡಿಯೋ ಇಲ್ದಿದ್ರೂ ಇವತ್ತೇ ಕ್ಲೇಮ್ ಹಾಕಿ, ಬಾಕ್ಸ್, ಲೇಬಲ್, ಒಳಗಿನ ಶೂ ಎಲ್ಲದರ ಫೋಟೋ ಕೊಡಿ. ಕಸ್ಟಮರ್‌ಗೆ ಫೋನ್ ಮಾಡಿ ಜಗಳ ಆಡ್ಬೇಡಿ, ಏನಿದ್ರೂ ಆ್ಯಪ್ ಮೆಸೇಜಲ್ಲೇ ಇರ್ಲಿ. ಕ್ಲೇಮ್ ಮುಗಿಯೋವರೆಗೂ ಆ ಜೋಡಿನ ಬಿಸಾಕ್ಬೇಡಿ, ಮಾರ್ಕೆಟ್‌ಪ್ಲೇಸ್‌ನೋರು ಅದನ್ನ ಕೇಳಬಹುದು.