ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಬಸ್ಸಿಗೇ ಒಂದು ಲೇನ್ ಬಿಟ್ಟರೆ ಜಾಮ್ ಇನ್ನೂ ಹೆಚ್ಚಾಗುವುದಿಲ್ಲವೇ?

ಕಾರುಗಳನ್ನು ಎಣಿಸಿದರೆ ಹಾಗೆ ಅನ್ನಿಸುತ್ತದೆ, ಜನರನ್ನು ಎಣಿಸಿ ನೋಡಿ. ಸಿಗ್ನಲ್ ಇರುವ ರಸ್ತೆಯ ಒಂದು ಲೇನಿನಲ್ಲಿ ಗಂಟೆಗೆ 800 ಕಾರು ದಾಟಿದವು ಅನ್ನಿ. ಕಾರಿಗೆ ಒಂದೂವರೆ ಜನರಂತೆ 1,200 ಮಂದಿ. ಅದೇ ಲೇನಿನಲ್ಲಿ ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಅಂದರೆ 3,600.

ಆದರೆ ಬಸ್ಸು ನಿಮಿಷಕ್ಕೊಂದು ಬರದಿದ್ದರೆ ಈ ಲೆಕ್ಕವೇ ಬಿದ್ದುಹೋಗುತ್ತದೆ. ಹತ್ತು ನಿಮಿಷಕ್ಕೊಂದು ಬಂದರೆ ಬರೀ 360 ಜನ, ಪಕ್ಕದಲ್ಲಿ ನಿಂತ ಕಾರಿನವರು ಖಾಲಿ ಲೇನ್ ನೋಡಿ ಬೈಯುತ್ತಾರೆ. ಬೈಯುವುದರಲ್ಲಿ ತಪ್ಪೂ ಇಲ್ಲ.

ಈ ರಸ್ತೆಯಲ್ಲೇ 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬೊಲ್ಲಾರ್ಡ್ (ಲೇನ್ ಬೇರ್ಪಡಿಸುವ ಗಿಡ್ಡ ಕಂಬ) ನೆಟ್ಟು ಇದನ್ನು ಮಾಡಿದ್ದರು; ಆಮೇಲೆ ಮೆಟ್ರೊ ಕಾಮಗಾರಿಗೆ ಲೇನ್ ಹೋಯಿತು. ಇಂಥ ಲೇನ್ ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಒಂದು, ಸರ್ವಿಸ್ ರಸ್ತೆಗೆ ತಿರುಗುವ ಸಂದು: ಎಡಕ್ಕೆ ಹೋಗುವ ವಾಹನಗಳೆಲ್ಲ ಅಲ್ಲೇ ಬಸ್ಸಿಗೆ ಅಡ್ಡ ಬರುತ್ತವೆ. ಇನ್ನೊಂದು, ನಿಲ್ದಾಣ. ಹತ್ತಿ ಇಳಿಯಲು 30 ಸೆಕೆಂಡು, ಹೊರಟು ಜಾಗ ಬಿಡಲು 15 ಸೆಕೆಂಡು ಹಿಡಿದರೆ ಒಂದೇ ಬಸ್ ನಿಲ್ಲುವ ಜಾಗದಲ್ಲಿ ಗಂಟೆಗೆ 80 ಬಸ್ಸೇ ಗರಿಷ್ಠ, ಅದೂ ಕಾಗದದ ಮೇಲೆ. ಒಂದು ಬಸ್ಸಿನ ಬಾಗಿಲಲ್ಲಿ ನೂಕುನುಗ್ಗಲಾಗಿ ಎರಡು ನಿಮಿಷ ನಿಂತಿತೋ, ಹಿಂದೆ ಮೂರು ಬಸ್ಸು ಸಾಲುಗಟ್ಟುತ್ತವೆ. ಹಾಗಾಗಿ ದೊಡ್ಡ ನಿಲ್ದಾಣಗಳಲ್ಲಾದರೂ ಹಿಂದಿನ ಬಸ್ಸು ಮುಂದೆ ದಾಟಲು ಜಾಗ ಬೇಕೇ ಬೇಕು.

ದೆಹಲಿಯಲ್ಲಿ ಅಂಬೇಡ್ಕರ್ ನಗರ–ಮೂಲ್‌ಚಂದ್ ನಡುವೆ 2008ರಲ್ಲಿ ತೆರೆದ ಬಸ್ ಕಾರಿಡಾರನ್ನು 2016ರಲ್ಲಿ ಕಿತ್ತೇ ಹಾಕಿದರು. ಅಲ್ಲಿ ಬಸ್ಸು ನಡುಲೇನಿನಲ್ಲಿತ್ತು. ಬಸ್ಸಿಗೂ ತಿರುಗುವ ಕಾರಿಗೂ ಬೇರೆ ಬೇರೆ ಹಸಿರು ದೀಪ ಕೊಡಬೇಕಾಗಿ ಸಿಗ್ನಲ್ ಸರದಿ ಉದ್ದವಾಗಿ ಕಾರುಗಳ ಸಾಲು ಬೆಳೆಯುತ್ತಿತ್ತು.