ಕತ್ತಿನ ಮೇಲೆ ಬಿದ್ದ ಕೈ

ಈ ವಾರದ ಪತ್ರ ಲೂಧಿಯಾನಾದಿಂದ ಬಂದಿದೆ. ಓದಿ ಸಿಟ್ಟು ಬಂತು. ಸಿಟ್ಟಿನಲ್ಲಿ ಯಾರಿಗೂ ಉತ್ತರ ಬರೆಯಬೇಡಿ ಅಂತ ಇದೇ ಅಂಕಣದಲ್ಲಿ ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ. ಇರಲಿ, ಇವತ್ತು ಬರೆಯುತ್ತೇನೆ.

ಬರೆದವರು ಬಸವಕಲ್ಯಾಣದ ಹೆಣ್ಣುಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಪರಿಚಯವಾದ ಸರ್ದಾರ್ ಹುಡುಗನನ್ನು, ಎರಡೂ ಮನೆಯವರ ಒಪ್ಪಿಗೆಯಿಂದಲೇ ಮದುವೆಯಾದರು. ಈಗ ಲೂಧಿಯಾನಾದಲ್ಲಿ ಅತ್ತೆ, ಮಾವ, ಗಂಡನ ಜೊತೆ ಸಂಸಾರ. ಅತ್ತೆಯನ್ನು ಎಲ್ಲರೂ ಬೀಜಿ ಅಂತಾರೆ, ಇವರೂ ಹಾಗೇ ಕರೆಯುತ್ತಾರೆ. ಜಗಳ ಗಿಗಳ ಏನೂ ಇಲ್ಲ. ಭಾನುವಾರ ಬೆಳಿಗ್ಗೆಯ ಕೆಲವು ನಿಮಿಷ ಬಿಟ್ಟರೆ.

ಭಾನುವಾರ ಮನೆಮಂದಿಯೆಲ್ಲ ಗುರುದ್ವಾರಕ್ಕೆ ಹೋಗುತ್ತಾರೆ. ಇವರೂ ಹೋಗುತ್ತಾರೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಚುನ್ನಿಯಿಂದ ತಲೆ ಮುಚ್ಚಿಕೊಂಡು ಒಳಗೆ ಹೋಗುತ್ತಾರೆ. ಕಡಾ ಪ್ರಸಾದವನ್ನು ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. ಆಮೇಲೆ ಬಂದವರಿಗೆಲ್ಲ ಊಟ ಹಾಕುವ ಲಂಗರ್‌ನ ಅಡುಗೆಮನೆಯಲ್ಲಿ ಹೆಂಗಸರ ಜೊತೆ ಕೂತು ರೊಟ್ಟಿ ಲಟ್ಟಿಸುತ್ತಾರೆ. ಆದರೆ ಸಿಖ್ಖರ ಧರ್ಮಗ್ರಂಥವಾದ ಗುರು ಗ್ರಂಥ ಸಾಹಿಬ್ ಮುಂದೆ ಎಲ್ಲರೂ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚುವಾಗ ಇವರು ನಿಂತೇ ಕೈಮುಗಿದು ಪಕ್ಕಕ್ಕೆ ಸರಿಯುತ್ತಾರೆ. ಹಾಗೆ ಹಣೆ ಹಚ್ಚುವುದಕ್ಕೆ ಅಲ್ಲಿ ಮತ್ಥಾ ಟೇಕ್ನಾ ಅಂತಾರೆ. ಮಾವನ ಅಕ್ಕ, ಬುವಾಜಿ, ಇದನ್ನು ನೋಡಿ "ಮದ್ರಾಸಿ ಸೊಸೆಗೆ ಸೊಕ್ಕು ಜಾಸ್ತಿ" ಅಂದರಂತೆ. ಅದನ್ನು ಗಂಡ ಕಾರಿನಲ್ಲಿ ಹೆಂಡತಿಗೆ ಹೇಳಿದ. ಹೇಳಿ, "ಸುಮ್ನೆ ಎರಡು ಸೆಕೆಂಡ್ ಬಗ್ಗಿಬಿಡು, ನಿನ್ನ ಗಂಟೇನು ಹೋಗುತ್ತೆ?" ಅಂದ.

ಪತ್ರದಲ್ಲಿ ಇವರು ಕೊಡುವ ಕಾರಣ ಅಜ್ಜ. ಅಂಗೈ ಮೇಲಿನ ಲಿಂಗ ಬಿಟ್ಟು ಬೇರೆ ಕಡೆ ತಲೆ ಬಾಗಬೇಡ ಅಂತ ಅಜ್ಜ ಹೇಳಿಕೊಟ್ಟಿದ್ದರಂತೆ. ಮನಸ್ಸಿಲ್ಲದೆ ಬಾಗಿದರೆ ಅದು ಸುಳ್ಳಲ್ವಾ, ಬಾಗದಿದ್ದರೆ ನಾನು ಸೊಕ್ಕಿನವಳಾ, ಇದು ಅವರ ಪ್ರಶ್ನೆ.

ಪ್ರಶ್ನೆ ಚೆನ್ನಾಗಿದೆ. ಆದರೆ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಪತ್ರದ ಮಧ್ಯದಲ್ಲಿ ನೀವು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಮದುವೆಯಾದ ಹೊಸದರಲ್ಲಿ ನಮ್ಮ ಕಡೆಯ ಹಾಗೆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿರಿ. ಆಗ ಬುವಾಜಿ "ಹಾಗಲ್ಲ, ಹೀಗೆ" ಅಂತ ನಿಮ್ಮ ಕತ್ತಿನ ಹಿಂದೆ ಕೈಯಿಟ್ಟು ಕೆಳಗೆ ಒತ್ತಿದರು. "ತಮಾಷೆಗೇ ಇರಬೇಕು" ಅಂತ ನೀವೇ ಸೇರಿಸಿದ್ದೀರಿ. ಗಂಡ ಹಿಂದೆಯೇ ನಿಂತಿದ್ದ, ನಕ್ಕ.

ಇದು ತಮಾಷೆ ಅಲ್ಲ. ನಿಮಗೂ ಅದು ಗೊತ್ತು, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಇನ್ನೂ ಒಂದು ಮಾತಿದೆ, ನಿಮಗೆ ಹಿಡಿಸುವುದಿಲ್ಲ. ನಿಮ್ಮ ಮದುವೆ ಗುರುದ್ವಾರದಲ್ಲಿ ಸಿಖ್ಖರ ಮದುವೆ ವಿಧಿಯಾದ ಆನಂದ್ ಕಾರಜ್ ಪ್ರಕಾರ ಆಯಿತು ಅಂತ ಬರೆದಿದ್ದೀರಿ. ನಾಲ್ಕನೇ ಗುರು ರಾಮದಾಸರು ರಚಿಸಿದ ನಾಲ್ಕು ಲಾವಾಂ, ಅಂದರೆ ಮದುವೆಯ ಪದ್ಯಗಳು, ಅದರ ಜೊತೆ ನಾಲ್ಕು ಸುತ್ತು. ಪ್ರತಿ ಸುತ್ತು ಮುಗಿದಾಗಲೂ ಗಂಡು ಹೆಣ್ಣು ಇಬ್ಬರೂ ಗುರು ಗ್ರಂಥ ಸಾಹಿಬ್ ಮುಂದೆ ಹಣೆ ಹಚ್ಚುತ್ತಾರೆ. ಅಂದರೆ ನೀವು ಅವತ್ತು ನಾಲ್ಕು ಸಲ ಬಾಗಿದ್ದೀರಿ. ಅಜ್ಜ ಅಡ್ಡ ಬರಲಿಲ್ಲ. ಲಿಂಗವೂ ಅಡ್ಡ ಬರಲಿಲ್ಲ. ಯಾಕೆಂದರೆ ಅವತ್ತು ನಿಮ್ಮ ಕತ್ತಿನ ಮೇಲೆ ಯಾರ ಕೈಯೂ ಇರಲಿಲ್ಲ. ಕೈ ಬಿದ್ದ ಮೇಲೆ ಕತ್ತು ಸೆಟೆಯಿತು. ಅದಕ್ಕೆ ಒಂದು ಮರ್ಯಾದೆಯ ಕಾರಣ ಬೇಕಿತ್ತು, ಅಜ್ಜ ನೆನಪಾದರು. ಶರಣರ ನೆಲದಲ್ಲಿ ಬೆಳೆದ ಅಜ್ಜನ ಮಾತು ದೊಡ್ಡದೇ. ಆದರೆ ಈ ಜಗಳ ಅವರದಲ್ಲ. ಅವರನ್ನು ಬಿಟ್ಟುಬಿಡಿ.

ಈಗ ಬಾಗುವುದರ ಬಗ್ಗೆ. ನೀವು ಯಾವುದನ್ನು ಬೇಡ ಅನ್ನುತ್ತಿದ್ದೀರಿ ಅನ್ನುವುದು ಸರಿಯಾಗಿ ಗೊತ್ತಿರಬೇಕು. ಬೀಜಿಯ ಪಾಲಿಗೆ ಅಲ್ಲಿರುವುದು ಪುಸ್ತಕ ಅಲ್ಲ. 1708ರಲ್ಲಿ ನಾಂದೇಡ್‌ನಲ್ಲಿ, ನಿಮ್ಮೂರಿಂದ ಅಷ್ಟೇನೂ ದೂರವಿಲ್ಲದ ಜಾಗದಲ್ಲಿ, ಗುರು ಗೋವಿಂದ ಸಿಂಗರು ತಮ್ಮ ನಂತರ ಮನುಷ್ಯ ಗುರು ಇಲ್ಲ, ಈ ಗ್ರಂಥವೇ ಗುರು ಅಂದರು. 1430 ಪುಟದ ಆ ಗುರುವನ್ನು ಬೆಳಿಗ್ಗೆ ತಲೆಯ ಮೇಲೆ ಹೊತ್ತು ತರುತ್ತಾರೆ, ಚೌರಿ ಬೀಸುತ್ತಾರೆ, ರಾತ್ರಿ ಮಲಗಿಸುತ್ತಾರೆ. ಅದರಲ್ಲಿ ಕಬೀರ ಇದ್ದಾರೆ, ರವಿದಾಸ, ನಾಮದೇವ, ಶೇಖ್ ಫರೀದ್ ಇದ್ದಾರೆ. ಚಮ್ಮಾರ, ನೇಕಾರ, ಸಿಂಪಿಗ, ಸೂಫಿ ಎಲ್ಲರ ಮಾತಿನ ಮುಂದೆ ಎಲ್ಲರೂ ಹಣೆ ಹಚ್ಚುತ್ತಾರೆ. ಕಲ್ಯಾಣದಿಂದ ಹೋದವರಿಗೆ ಇದರ ಬೆಲೆ ನಾನು ಬಿಡಿಸಿ ಹೇಳಬೇಕಾ? ಆದ್ದರಿಂದ ಅದನ್ನು ಬರೀ ಶಾಸ್ತ್ರ ಅಂತ ತಳ್ಳಿಹಾಕಬೇಡಿ.

ಹಾಗಂತ ಹಣೆ ನೆಲಕ್ಕೆ ತಾಗಿದ ತಕ್ಷಣ ಎಲ್ಲ ಆಯಿತು ಅಂತಲೂ ಆ ಗುರು ಹೇಳುವುದಿಲ್ಲ. ಗುರುದ್ವಾರಗಳಲ್ಲಿ ಬೆಳಗಿನ ಹೊತ್ತು ಹಾಡುವ ಆಸಾ ದೀ ವಾರ್‌ನಲ್ಲಿ ಗುರು ನಾನಕರು ಒಂದು ಬೂರುಗದ ಮರದ ಮಾತು ತರುತ್ತಾರೆ. ಮರ ನೆಟ್ಟಗೆ, ಎತ್ತರಕ್ಕೆ, ದಪ್ಪಗೆ ಬೆಳೆದಿದೆ. ಆಸೆಪಟ್ಟು ಬಂದ ಹಕ್ಕಿಗಳು ಬರಿಗೈಯಲ್ಲಿ ಹೋಗುತ್ತವೆ. ಹಣ್ಣು ಸಪ್ಪೆ, ಹೂವಿಗೆ ರುಚಿಯಿಲ್ಲ, ಎಲೆ ಕೆಲಸಕ್ಕೆ ಬಾರದು. ಸಿಹಿ ಇರುವುದು ತಗ್ಗುವುದರಲ್ಲಿ ಅನ್ನುತ್ತಾರೆ. ಇಲ್ಲಿಗೆ ನಿಲ್ಲಿಸಿದ್ದರೆ ಬುವಾಜಿ ಗೆದ್ದರು ಅನ್ನಬಹುದಿತ್ತು. ಆದರೆ ನಾನಕರು ಅಲ್ಲಿಗೇ ಬಿಡುವುದಿಲ್ಲ. ತಪ್ಪಿತಸ್ಥ ಇನ್ನೂ ಎರಡು ಪಟ್ಟು ಬಾಗುತ್ತಾನೆ, ಜಿಂಕೆ ಹೊಡೆಯುವ ಬೇಟೆಗಾರನ ಹಾಗೆ ಅನ್ನುತ್ತಾರೆ. ಎದೆಯಲ್ಲಿ ಕೊಳೆ ಇಟ್ಟುಕೊಂಡು ತಲೆ ಬಾಗಿಸಿ ಏನು ಬಂತು ಅಂತ ಕೇಳುತ್ತಾರೆ. ಐನೂರು ವರ್ಷದ ಹಿಂದೆ ಕೇಳಿದ ಪ್ರಶ್ನೆ. ನಿಮ್ಮ ಪ್ರಶ್ನೆಗೂ ಅದಕ್ಕೂ ಹೆಚ್ಚು ದೂರವಿಲ್ಲ.

ಇದನ್ನು ಓದಿ ಖುಷಿಯಾಗಿ, ಬುವಾಜಿ ಮುಂದೆ ಆ ಸಾಲು ಒಪ್ಪಿಸಲು ಹೋಗಬೇಡಿ. ಅದು ಬಾಗುವವರು ತಮ್ಮನ್ನು ತಾವು ಕೇಳಿಕೊಳ್ಳಲಿ ಅಂತ ಇರುವ ಮಾತು. ಎದುರಿನವರ ಎದೆ ಅಳೆಯುವುದಕ್ಕೆ ಅಲ್ಲ.

ಬುವಾಜಿ ನಿಯಮದ ಮಾತು ಎತ್ತಿದ್ದಾರೆ ಅಂದಿರಿ. ನಿಯಮವನ್ನೂ ನೋಡಿಬಿಡೋಣ. ಶಿರೋಮಣಿ ಗುರುದ್ವಾರಾ ಪ್ರಬಂಧಕ್ ಕಮಿಟಿ 1945ರಲ್ಲಿ ಅಂತಿಮಗೊಳಿಸಿದ ಸಿಖ್ ರಹತ್ ಮರ್ಯಾದಾ ಅನ್ನುವ ನಿಯಮಾವಳಿ ಇದೆ. ಒಳಗೆ ಬಂದ ಸಿಖ್ಖರು ಮೊದಲು ಗುರು ಗ್ರಂಥ ಸಾಹಿಬ್‌ಗೆ ನಮಿಸಬೇಕು ಅಂತ ಅದರಲ್ಲಿದೆ, ನಿಜ. ಯಾವ ದೇಶ, ಯಾವ ಧರ್ಮ, ಯಾವ ಜಾತಿಯವರು ಬೇಕಾದರೂ ದರ್ಶನಕ್ಕೆ ಬರಬಹುದು, ತಂಬಾಕಿನಂಥದ್ದು ಜೊತೆಯಲ್ಲಿರಬಾರದು ಅಂತಲೂ ಇದೆ. ಗ್ರಂಥದ ಮಂಚದ ಕಾಲು ಒತ್ತುವುದು, ಗೋಡೆಗೆ ಕಟ್ಟೆಗೆ ಮೂಗು ಉಜ್ಜುವುದು ತಪ್ಪು ಅಂತಲೂ ಇದೆ. ಬುವಾಜಿ ಪ್ರತಿ ವಾರ ಭಕ್ತಿಯಿಂದ ಮಂಚದ ಕಾಲು ಒತ್ತುತ್ತಾರೆ ಅಂತ ನೀವೇ ಬರೆದಿದ್ದೀರಲ್ಲ! ಇನ್ನೊಂದು, ಆನಂದ್ ಕಾರಜ್ ಸಿಖ್ಖರಿಗೆ ಮಾತ್ರ ಅಂತಲೂ ಅದೇ ಮರ್ಯಾದಾ ಹೇಳುತ್ತದೆ. ಹಾಗಾದರೆ ನಿಮ್ಮ ಮದುವೆಯ ದಿನ ಹೂವಿನ ಪಕಳೆ ಎರಚಿದ ಬುವಾಜಿ ಯಾವ ನಿಯಮ ಓದಿದ್ದರು? ಅವತ್ತು ಪ್ರೀತಿ ಇತ್ತು, ನಿಯಮ ಪಕ್ಕಕ್ಕೆ ಸರಿಯಿತು. ಒಳ್ಳೆಯದೇ ಆಯಿತು.

ನನ್ನ ಹಳೆಯ ಮಾತು ಒಂದಿದೆ, ಈ ಅಂಕಣ ಓದುವವರಿಗೆ ಕೇಳಿ ಸಾಕಾಗಿರುತ್ತದೆ. ಜಾಗದ ರೀತಿ ಬೇರೆ, ಒಳಗಿನ ಮಾತು ಬೇರೆ. ತಲೆ ಮುಚ್ಚುವುದು, ಚಪ್ಪಲಿ ಬಿಡುವುದು, ನೆಲದ ಮೇಲೆ ಕೂರುವುದು ಜಾಗದ ರೀತಿ. ಇದರಲ್ಲಿ ನನ್ನ ಸ್ವಾತಂತ್ರ್ಯ ಅಂತ ವಾದ ಹೂಡುವುದು ನನಗೆ ಇಷ್ಟವಿಲ್ಲ. ಅಲ್ಲಿ ಬರುವ ಎಲ್ಲರಿಗೂ ಅದು ಒಂದೇ. ಲಂಗರ್‌ನಲ್ಲಿ ಒಂದೇ ಪಂಗತ್‌ನಲ್ಲಿ ನೆಲಕ್ಕೆ ಕೂರಿಸುವುದು ಯಾರೂ ಮೇಲೆ ಕೂರಬಾರದು ಅಂತ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಲವು ಗುರುದ್ವಾರಗಳು ಲಂಗರ್‌ಗೆ ಮೇಜು ಕುರ್ಚಿ ಹಾಕಿದ್ದವು. ನೆಲದ ಮೇಲೆಯೇ ಕೂರಬೇಕು ಅಂತ 1998ರಲ್ಲಿ ಸಿಖ್ಖರ ಪರಮೋಚ್ಚ ಪೀಠವಾದ ಅಕಾಲ್ ತಖ್ತ್‌ನಿಂದ ಹುಕುಂನಾಮಾ ಬಂತು. ಅಲ್ಲಿನ ಜನ ಎರಡು ಪಾಲಾದರು. ಮೈಯನ್ನು ಹೇಗೆ ಇಡಬೇಕು ಅನ್ನುವುದು ಸಣ್ಣ ವಿಷಯ ಅಂದುಕೊಂಡವರು ಆ ಕಥೆ ಕೇಳಬೇಕು.

ಹಣೆ ಹಚ್ಚುವುದು ಮಾತ್ರ ಒಳಗಿನ ಮಾತು. ಅದು ಬಾಗುವವರಿಗೂ ಗುರುವಿಗೂ ಸೇರಿದ್ದು. ಅಮೃತಸರದ ಸ್ವರ್ಣಮಂದಿರ, ಅಂದರೆ ಹರ್ಮಂದಿರ್ ಸಾಹಿಬ್‌ಗೆ ದಿನವೂ ಬರುವ ಜನಸಾಗರ ನೋಡಿ. ತಲೆ ಬರಿದಾಗಿದ್ದರೆ ಸೇವಾದಾರರು ತಕ್ಷಣ ರುಮಾಲು ತೋರಿಸುತ್ತಾರೆ. ಕೈಮುಗಿದು ಹೋಗುವ ಪ್ರವಾಸಿಗಳ ಕತ್ತನ್ನು ಯಾರೂ ಒತ್ತುವುದಿಲ್ಲ.

ಇನ್ನು ನಿಮ್ಮ ಗಂಡ. ಬುವಾಜಿಗಿಂತ ನನಗೆ ಸಿಟ್ಟು ಇವನ ಮೇಲೆ. ಬುವಾಜಿಗೆ ವಯಸ್ಸಾಗಿದೆ, ಭಕ್ತಿ ಇದೆ, ಕೈ ಸ್ವಲ್ಪ ಉದ್ದ ಇದೆ. ಇವನಿಗೆ ಯಾವ ನೆಪ? ಹೆಂಡತಿಯ ಕತ್ತಿನ ಮೇಲೆ ಕೈ ಬಿದ್ದಾಗ ನಕ್ಕ. ಬುವಾಜಿಯ ಮಾತನ್ನು ಬಿಸಿ ಆರುವ ಮೊದಲೇ ಕಾರಿಗೆ ತಂದ. ಮಾತು ಆಡಿದವರಿಗಿಂತ ಹೊತ್ತು ತಂದವರು ಸಂಸಾರಕ್ಕೆ ಜಾಸ್ತಿ ಅಪಾಯ, ಇದನ್ನು ನಾನು ಸಾಯುವ ತನಕ ಬರೆಯುತ್ತಲೇ ಇರುತ್ತೇನೆ. ಎಲ್ಲಕ್ಕಿಂತ ಆ "ಎರಡು ಸೆಕೆಂಡ್" ನನಗೆ ತಡೆಯಲಾಗಲಿಲ್ಲ. ಅವನ ತಾಯಿ ಜೀವಮಾನವಿಡೀ ಮಾಡಿಕೊಂಡು ಬಂದದ್ದನ್ನು ಎರಡು ಸೆಕೆಂಡಿನ ಕಸರತ್ತು ಮಾಡಿಬಿಟ್ಟ. ನಿಮ್ಮ ಮನಸ್ಸಿಗೂ ಅಷ್ಟೇ ಬೆಲೆ ಕಟ್ಟಿದ. ಒಂದೇ ಮಾತಿನಲ್ಲಿ ಇಬ್ಬರು ಹೆಂಗಸರನ್ನೂ ಹಗುರ ಮಾಡಿದ. ಇದನ್ನು ಅವನಿಗೆ ಓದಿ ಹೇಳಿ.

ನಿಮ್ಮನ್ನೂ ಪೂರ್ತಿ ಬಿಡುವುದಿಲ್ಲ. ಬುವಾಜಿ ಹೇಳಿದರು ಅಂತ ಬಾಗುವುದು ಎಷ್ಟು ತಪ್ಪೋ, ಬುವಾಜಿ ಹೇಳಿದರು ಅಂತಲೇ ಬಾಗದೆ ನಿಲ್ಲುವುದೂ ಅಷ್ಟೇ ತಪ್ಪು. ಈಗ ಪ್ರತಿ ಭಾನುವಾರ ನೀವು ಗುರು ಗ್ರಂಥ ಸಾಹಿಬ್ ಮುಂದೆ ನಿಂತಾಗ ನಿಮ್ಮ ತಲೆಯಲ್ಲಿ ಇರುವವರು ಯಾರು? ಬುವಾಜಿ ಎಲ್ಲಿ ಕೂತಿದ್ದಾರೆ, ನೋಡುತ್ತಿದ್ದಾರಾ ಅಂತ ಕಣ್ಣು ಹುಡುಕುತ್ತದೆ ಅಂತ ನೀವೇ ಬರೆದಿದ್ದೀರಿ. ಅಜ್ಜನೂ ಅಲ್ಲಿಲ್ಲ, ಗುರುವೂ ಇಲ್ಲ.

ಪತ್ರದಲ್ಲಿ ಒಬ್ಬರ ಅಭಿಪ್ರಾಯ ಮಾತ್ರ ಎಲ್ಲೂ ಸಿಗಲಿಲ್ಲ. ಬೀಜಿಯದು. ಮೂರು ಪುಟದಲ್ಲಿ ಬುವಾಜಿ ಏನಂದರು ಇದೆ, ಗಂಡ ಏನಂದ ಇದೆ, ಪಕ್ಕದ ಮನೆಯವರು ಏನು ಅಂದುಕೊಂಡಿರಬಹುದು ಅಂತಲೂ ಇದೆ. ಬೀಜಿಯ ಬಗ್ಗೆ ಇರುವುದು ಇಷ್ಟೇ: ಹೊರಡುವ ಮೊದಲು ನಿಮ್ಮ ಬ್ಯಾಗಿನಲ್ಲಿ ಒಗೆದ ಚುನ್ನಿ ಮಡಿಸಿ ಇಟ್ಟಿರುತ್ತಾರೆ, ಇದುವರೆಗೆ ಒಂದು ಮಾತೂ ಆಡಿಲ್ಲ. ನೀವೂ ಕೇಳಿಲ್ಲ.

ಕೇಳಿ. ನನ್ನ ಸಲಹೆ ಇದೊಂದೇ. ಮುಂದಿನ ಭಾನುವಾರ ಗಂಡನನ್ನು ಮನೆಯಲ್ಲಿ ಬಿಟ್ಟು ಬೀಜಿ ಜೊತೆ ನೀವೊಬ್ಬರೇ ಹೋಗಿ. ರೊಟ್ಟಿ ಲಟ್ಟಿಸುವಾಗ ಪಕ್ಕದಲ್ಲಿ ಕೂತು, ಆ ಕತ್ತಿನ ಮೇಲಿನ ಕೈಯ ವಿಷಯ ಮೊದಲು ಹೇಳಿ, ಅಳು ಬಂದರೆ ಅಳಿ. ಆಮೇಲೆ ಕೇಳಿ: "ಬೀಜಿ, ನಾನು ಕೈಮುಗಿದು ಕೂತರೆ ನಿಮಗೆ ನೋವಾಗುತ್ತಾ?" ಬಾಗಬೇಕಾ ಬೇಡವಾ ಅಂತ ಅಪ್ಪಣೆ ಕೇಳಬೇಡಿ, ಅಪ್ಪಣೆ ಕೊಡುವ ವಿಷಯ ಇದಲ್ಲ. ನೋವಾಗುತ್ತದೆ ಅಂದರೆ ಯಾಕೆ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ, ಅಲ್ಲೇ ಉತ್ತರ ಕೊಡಬೇಡಿ. ಇಲ್ಲ ಅಂದರೆ ಬುವಾಜಿಯ ಬಾಯಿ ಮುಚ್ಚಿಸುವ ಕೆಲಸ ಬೀಜಿಯೇ ನೋಡಿಕೊಳ್ಳುತ್ತಾರೆ, ಗಂಡನ ಅಕ್ಕನ ಜೊತೆ ಇಷ್ಟು ವರ್ಷ ಬಾಳಿದವರು. ಹಣೆಯ ವಿಷಯ ಆಮೇಲೆ ನಿಮಗೆ ಬಿಟ್ಟದ್ದು. ಬಾಗಿದರೂ ನನಗೆ ಸಂತೋಷ, ಬಾಗದಿದ್ದರೂ ಬೇಜಾರಿಲ್ಲ.

ಬುವಾಜಿಗೆ ಏನು ಹೇಳಲಿ ಅಂತ ಕೊನೆಯಲ್ಲಿ ಕೇಳಿದ್ದೀರಿ. ಏನೂ ಹೇಳಬೇಡಿ. ಇನ್ನೊಂದು ಸಲ ಕತ್ತಿಗೆ ಕೈ ಬಂದರೆ ಮಾತ್ರ ಆ ಕೈ ಹಿಡಿದು ಮೆಲ್ಲಗೆ ಕೆಳಗಿಡಿ. ಇನ್ನೊಂದು ಸಲ ಮದ್ರಾಸಿ ಅಂದರೆ, ಚಹಾ ಕೊಡುತ್ತಾ ಒಂದು ವಿಷಯ ತಿಳಿಸಿ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೇಳಿದಾಗ ಎದ್ದು ನಿಂತ ಐವರು, ಅಂದರೆ ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. ನೀವೂ ಅದೇ ಜಿಲ್ಲೆಯವರು. ಸಕ್ಕರೆ ಎಷ್ಟು ಹಾಕಲಿ ಅಂತಲೂ ಕೇಳಿಬಿಡಿ.